ಟವರ್ ಪಕ್ಕದ ಕಚೇರಿ: ದಾವಣಗೆರೆಯ ಒಂದು ತಲೆನೋವಿನ ಪ್ರಕರಣ

2019ರ ಏಪ್ರಿಲ್‌ನಲ್ಲಿ ದಾವಣಗೆರೆಯ ಒಂದು ಪತ್ತಿನ ಸಹಕಾರ ಸಂಘದ ನೌಕರರು ಆಡಳಿತ ಮಂಡಳಿಗೆ ಅರ್ಜಿ ಕೊಟ್ಟರು. ಪಕ್ಕದ ಕಟ್ಟಡದ ಮೇಲಿರುವ ಮೊಬೈಲ್ ಟವರ್ ತೆಗೆಸಿ, ಇಲ್ಲವೇ ಕಚೇರಿಯನ್ನು ಬೇರೆ ಕಡೆ ಸಾಗಿಸಿ ಅನ್ನುವುದು ಅವರ ಬೇಡಿಕೆ. ಹದಿನೈದು ಜನರಲ್ಲಿ ಹನ್ನೊಂದು ಜನ ಸಹಿ ಹಾಕಿದ್ದರು. ಮಧ್ಯಾಹ್ನ ಆಗುತ್ತಿದ್ದಂತೆ ತಲೆನೋವು, ಕಣ್ಣುರಿ, ಹೊಟ್ಟೆ ತೊಳಸು, ಕೂಡಿಸಿದ ಲೆಕ್ಕ ತಪ್ಪುವಷ್ಟು ಮಂಪರು. ಇಬ್ಬರಿಗೆ ಕಿವಿಯಲ್ಲಿ ಗುಂಯ್ ಅನ್ನುವ ಸದ್ದು. ಮಾರ್ಚ್ ಕೊನೆಯ ವಾರ ಕ್ಯಾಷಿಯರ್ ಒಬ್ಬರು ಕೌಂಟರ್‌ನಲ್ಲೇ ತಲೆಸುತ್ತಿ ಬಿದ್ದರು. ಅರ್ಜಿ ಹುಟ್ಟಿದ್ದು ಅದಾದ ಮೇಲೆ.

ಕೆಲಸದ ಜಾಗದ ಗಾಳಿ, ಧೂಳು, ಶಬ್ದ ಅಳೆದು ವರದಿ ಕೊಡುವುದು ನನ್ನ ಕಸುಬು. ಸಂಘದ ಕಾರ್ಯದರ್ಶಿ ನನ್ನನ್ನು ಕರೆಸಿದಾಗ ಅವರ ಮನಸ್ಸಿನಲ್ಲಿ ಉತ್ತರ ಮೊದಲೇ ಇತ್ತು. "ಟವರ್‌ನಿಂದ ಏನೂ ಆಗಲ್ಲ ಅಂತ ಒಂದು ಕಾಗದ ಬರೆದು ಕೊಡ್ರಿ ಸಾರ್, ಸಾಕು" ಅಂದರು. ಅಳೆಯದೆ ಕಾಗದ ಕೊಡಲು ಆಗುವುದಿಲ್ಲ, ಅಳೆದ ಮೇಲೂ ಕಾಗದದಲ್ಲಿ ಏನು ಬರುತ್ತದೋ ಈಗ ಹೇಳಲಾರೆ ಅಂತ ಹೇಳಿ ಒಪ್ಪಿಕೊಂಡೆ. ಸಂಘದ ಮತ್ತು ಜನರ ಗುರುತು ಸಿಗದ ಹಾಗೆ ಇಲ್ಲಿ ಕೆಲವು ವಿವರ ಬದಲಿಸಿದ್ದೇನೆ.

ಕಚೇರಿ ಇರುವುದು ಪಿ.ಬಿ. ರಸ್ತೆಗೆ ಸೇರುವ ಒಂದು ಅಡ್ಡರಸ್ತೆಯಲ್ಲಿ, ಎರಡನೇ ಮಹಡಿಯಲ್ಲಿ. ಪಕ್ಕದ ಕಟ್ಟಡ ಇದಕ್ಕಿಂತ ಒಂದು ಮಹಡಿ ಎತ್ತರ. ಅದರ ತಾರಸಿಯ ಮೇಲೆ 2018ರ ನವೆಂಬರ್‌ನಲ್ಲಿ ಟವರ್ ಎದ್ದಿತು. ಎರಡೂ ಕಟ್ಟಡಗಳ ಮಧ್ಯೆ ಒಬ್ಬ ಮನುಷ್ಯ ಓಡಾಡುವಷ್ಟು ಸಂದಿ. ಕಚೇರಿಗೆ ರಸ್ತೆ ಕಡೆ ಮೂರು ದೊಡ್ಡ ಕಿಟಕಿ. ಸಂದಿಯ ಕಡೆ, ಲೆಕ್ಕಪತ್ರದ ಮೇಜುಗಳ ಮೇಲೆ, ಒಂದು ಹಳೇ ವೆಂಟಿಲೇಟರ್. ಒಳಗೆ ಚಹಾ ಮಾಡುವ ಮೂಲೆಯಲ್ಲಿ ಎಕ್ಸಾಸ್ಟ್ ಫ್ಯಾನ್. ಇಷ್ಟು ನಕ್ಷೆ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಮೊದಲ ದಿನ ನಾನು ಯಾವ ಯಂತ್ರವನ್ನೂ ಹೊರಗೆ ತೆಗೆಯಲಿಲ್ಲ. ಮಾತು ಕೇಳಿದೆ. ಲೆಕ್ಕಪತ್ರ ನೋಡುವ ಹಿರಿಯ ನೌಕರರೊಬ್ಬರಿದ್ದಾರೆ, ಎಲ್ಲರೂ ಅವರನ್ನು ಅಕ್ಕ ಅಂತಲೇ ಕರೆಯುತ್ತಾರೆ. ಅವರು ಸಿಟ್ಟಿನಲ್ಲೇ ಮಾತು ಶುರು ಮಾಡಿದರು. "ನಾವೇನು ಸುಳ್ಳು ಹೇಳ್ತೀವೇನ್ರಿ? ಡಾಕ್ಟ್ರು ಟೆನ್ಶನ್ ಅಂದ್ರು. ಮ್ಯಾನೇಜರ್ರು ರಜಾ ಹಾಕೋಕೆ ನೆಪ ಅಂದ್ರು. ನೀವು ಒಂದಿನ ಬೆಳಗ್ಗಿಂದ ಸಂಜೆ ತನಕ ಇಲ್ಲೇ ಕುತ್ಕಂಡು ನೋಡ್ರಿ." ಅವರ ಸಿಟ್ಟು ನ್ಯಾಯವಾದದ್ದೇ. ಇಂಥ ಪ್ರಕರಣಗಳಲ್ಲಿ ಮೊದಲು ಆಗುವ ಅನಾಹುತ ಇದೇ: ಕಾರಣ ಸಿಗಲಿಲ್ಲ ಅಂದ ಕೂಡಲೇ ಕಾಯಿಲೆಯೇ ಇಲ್ಲ ಅಂದುಬಿಡುತ್ತಾರೆ. ಎರಡೂ ಬೇರೆ ಬೇರೆ, ಅಲ್ವಾ?

ಕ್ಯಾಷಿಯರ್ ತಮ್ಮ ಮೊಬೈಲ್‌ನಲ್ಲಿದ್ದ ವಿಡಿಯೋ ತೋರಿಸಿದರು. ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದ ಪಾರ್ಕಿನಲ್ಲಿ 5ಜಿ ಪರೀಕ್ಷೆಯಿಂದ ನೂರಾರು ಹಕ್ಕಿ ಸತ್ತವು ಅನ್ನುವ ವಿಡಿಯೋ. ಹಕ್ಕಿ ಸತ್ತದ್ದು ನಿಜ, 2018ರ ಅಕ್ಟೋಬರ್, ನವೆಂಬರ್‌ನಲ್ಲಿ. ಆದರೆ ಅಲ್ಲಿ 5ಜಿ ಪರೀಕ್ಷೆ ನಡೆದದ್ದು ಅದೇ ವರ್ಷ ಜೂನ್‌ನಲ್ಲಿ. ಇನ್ನೊಬ್ಬರ ಹತ್ತಿರ ಪತ್ರಿಕೆಯ ತುಣುಕು ಇತ್ತು: 2017ರಲ್ಲಿ ಗ್ವಾಲಿಯರ್‌ನ ಒಂದು ಟವರ್ ನಿಲ್ಲಿಸಲು ಸುಪ್ರೀಂ ಕೋರ್ಟ್ ಹೇಳಿದ ಸುದ್ದಿ. ಇದು ನಿಜವಾದ ಸುದ್ದಿಯೇ. ಇಷ್ಟೆಲ್ಲ ಓದಿದವರು ಕಿಟಕಿಯಿಂದ ದಿನಾ ಟವರ್ ನೋಡುತ್ತಾ ಕೂತಿರುವಾಗ, ತಲೆನೋವು ಬಂದರೆ ಬೇರೆ ಯಾವುದರ ಮೇಲೆ ಅನುಮಾನ ಪಡಬೇಕು?

ನನ್ನ ಗಮನ ನಿಂತದ್ದು ತಾರೀಕಿನ ಮೇಲೆ. ಟವರ್ ಬಂದದ್ದು ನವೆಂಬರ್. ಚಾಲೂ ಆದದ್ದು ಡಿಸೆಂಬರ್. ತೊಂದರೆ ಶುರುವಾದದ್ದು ಫೆಬ್ರುವರಿ ಕೊನೆಗೆ. ಮಧ್ಯೆ ಎರಡು ತಿಂಗಳು ಯಾರಿಗೂ ಏನೂ ಆಗಿಲ್ಲ. ಹಾಗಾದರೆ ಫೆಬ್ರುವರಿಯಲ್ಲಿ ಏನು ಬದಲಾಯಿತು? ಕೇಳಿದರೆ ಒಂದೊಂದೇ ಹೊರಬಂತು. ಬಿಸಿಲು ಏರುತ್ತಿದೆ ಅಂತ ಎರಡು ಸ್ಪ್ಲಿಟ್ ಎಸಿ ಹಾಕಿಸಿದ್ದರು. ಎಸಿ ಹಾಕಿದ ಮೇಲೆ ರಸ್ತೆ ಕಡೆಯ ಕಿಟಕಿ ಮುಚ್ಚಿದ್ದರು. ಮಾರ್ಚ್‌ನಲ್ಲಿ ಭಯ ಜಾಸ್ತಿಯಾಗಿ, ಟವರ್ ಓರೆಯಾಗಿ ಕಾಣುವ ಆ ಕಿಟಕಿಗಳ ಗಾಜಿಗೆ ಒಳಗಿನಿಂದ ಅಲ್ಯೂಮಿನಿಯಂ ಹಾಳೆ ಅಂಟಿಸಿ, ಅಂಚಿಗೆಲ್ಲ ಟೇಪ್ ಹೊಡೆದಿದ್ದರು. ರೊಟ್ಟಿ ಸುತ್ತುವ ಅದೇ ಹಾಳೆ. ಜೊತೆಗೆ ಮಾರ್ಚ್ 31ರ ವರ್ಷಾಂತ್ಯದ ಲೆಕ್ಕ, ರಾತ್ರಿ ಎಂಟರವರೆಗೆ ಕೆಲಸ.

ಅಟೆಂಡರ್ ಹುಡುಗ ಒಬ್ಬನೇ ಸಿಕ್ಕಾಗ ಒಂದು ಮಾತು ಹೇಳಿದ. "ಸಾರ್, ಕರೆಂಟ್ ಹೋದ ದಿನ ಜಾಸ್ತಿ ಆಗುತ್ರಿ. ಟವರ್ನೋರು ಜನರೇಟರ್ ಹಾಕ್ತಾರಲ್ರಿ, ಆವಾಗ ಪವರ್ ಜಾಸ್ತಿ ಬಿಡ್ತಾರೆ." ಜನರೇಟರ್‌ನಲ್ಲಿ ಓಡಿದರೆ ಟವರ್ ಹೆಚ್ಚು ತರಂಗ ಬಿಡುವುದಿಲ್ಲ. ಆಂಟೆನಾಕ್ಕೆ ಹೋಗುವುದು ಬ್ಯಾಟರಿ, ರೆಕ್ಟಿಫೈಯರ್ (ಎಸಿ ಕರೆಂಟನ್ನು ಡಿಸಿ ಮಾಡುವ ಸಾಧನ) ದಾಟಿ ಬಂದ ಅಷ್ಟೇ ವಿದ್ಯುತ್ತು. ಹುಡುಗನ ವಿವರಣೆ ಸರಿಯಿರಲಿಲ್ಲ, ಆದರೆ ಅವನು ಕಂಡದ್ದು ಸರಿಯಿತ್ತು. ಇಡೀ ಪ್ರಕರಣದಲ್ಲಿ ಅದಕ್ಕಿಂತ ಬೆಲೆಯ ಮಾತು ಯಾರೂ ಹೇಳಲಿಲ್ಲ.

ಇನ್ನೊಂದು ಸುಳಿವು ಪಿಗ್ಮಿ ಕಲೆಕ್ಟರ್‌ಗಳದ್ದು. ನಾಲ್ಕು ಜನ. ದಿನವಿಡೀ ಅಂಗಡಿ ಅಂಗಡಿ ತಿರುಗಿ ಸಂಜೆ ಹಣ ಕಟ್ಟಲು ಬರುತ್ತಾರೆ. ಅವರಿಗೆ ಏನೂ ಇಲ್ಲ. ಸಹಿ ಹಾಕದ ನಾಲ್ವರು ಅವರೇ. ಆದರೆ ಸಂಜೆ ಬಂದು ಅರ್ಧ ಗಂಟೆ ಕೂರುತ್ತಾರೆ ಅಷ್ಟೇ, ಹಾಗಾಗಿ ಇದರಿಂದ ಟವರ್ ತಪ್ಪಿತಸ್ಥ ಅಂತಲೂ ಆಗುವುದಿಲ್ಲ, ಅಲ್ಲ ಅಂತಲೂ ಆಗುವುದಿಲ್ಲ. ಕಚೇರಿಯೊಳಗೆ ಏನೋ ಇದೆ ಅನ್ನುವುದು ಮಾತ್ರ ಗಟ್ಟಿಯಾಯಿತು.

ಎಲ್ಲರಿಗೂ ಒಂದೊಂದು ಹಾಳೆ ಕೊಟ್ಟೆ. ತೊಂದರೆ ಶುರುವಾದ ಸಮಯ, ಕೂತಿದ್ದ ಜಾಗ, ಎಷ್ಟು ನೋವು, ಯಾವಾಗ ಬಿಟ್ಟಿತು. ಒಬ್ಬರದ್ದು ಒಬ್ಬರು ನೋಡಬಾರದು ಅಂತ ಕೇಳಿಕೊಂಡೆ. ಕರೆಂಟ್ ಹೋದ, ಬಂದ ಸಮಯ ಬರೆಯುವ ಕೆಲಸ ಅಟೆಂಡರ್‌ನದು. ಕಚೇರಿಗೆ ಇನ್ವರ್ಟರ್ ಇದೆ, ಕಂಪ್ಯೂಟರ್ ಆರುವುದಿಲ್ಲ. ಹಾಗಾಗಿ ಬೆಸ್ಕಾಂ ಕರೆಂಟ್ ಯಾವಾಗ ಹೋಯಿತು ಅಂತ ಉಳಿದವರಿಗೆ ನೆನಪೇ ಇರುತ್ತಿರಲಿಲ್ಲ.

ಈ ನಡುವೆ ಟವರ್ ಅಳತೆಯನ್ನೂ ಮಾಡಿಸಿದೆವು. ಮಾಡಿಸದೆ ಮುಂದೆ ಹೋಗಬಾರದು ಅಂತ ನನಗೆ ಅನಿಸಿತು. ಹೆದರಿದವರ ಪ್ರಶ್ನೆಗೆ ಮೊದಲು ಉತ್ತರ ಕೊಡಬೇಕು, ನಮಗೆ ಬೇಕಾದ ಪ್ರಶ್ನೆಗೆ ಆಮೇಲೆ. ದೂರಸಂಪರ್ಕ ಇಲಾಖೆ 2017ರಲ್ಲಿ 'ತರಂಗ್ ಸಂಚಾರ್' ಅನ್ನುವ ವ್ಯವಸ್ಥೆ ತಂದಿದೆ. ನಮ್ಮ ಸುತ್ತಲಿನ ಟವರ್ ನಿಯಮದೊಳಗೆ ಇದೆಯೇ ಅಂತ ಅಲ್ಲಿ ನೋಡಬಹುದು. ಅನುಮಾನ ಇದ್ದರೆ ಆಗ 4,000 ರೂಪಾಯಿ ಕಟ್ಟಿದರೆ ಸಿಬ್ಬಂದಿ ಬಂದು ಅಳೆಯುತ್ತಿದ್ದರು. ಸಂಘ ಹಣ ಕಟ್ಟಿತು.

ಭಾರತದ ಮಿತಿಯ ಬಗ್ಗೆ ಒಂದು ಮಾತು. ವಿಕಿರಣ ಸುರಕ್ಷತೆಯ ಅಂತರರಾಷ್ಟ್ರೀಯ ಆಯೋಗ 900 ಮೆಗಾಹರ್ಟ್ಸ್‌ನ ಮೊಬೈಲ್ ತರಂಗಕ್ಕೆ ಚದರ ಮೀಟರಿಗೆ 4.5 ವ್ಯಾಟ್ ಮಿತಿ ಹಾಕಿತ್ತು. ನಮ್ಮ ಸರ್ಕಾರ 2012ರ ಸೆಪ್ಟೆಂಬರ್ 1ರಿಂದ ಅದನ್ನು ಹತ್ತರಲ್ಲಿ ಒಂದು ಪಾಲಿಗೆ, ಅಂದರೆ 0.45 ವ್ಯಾಟ್‌ಗೆ ಇಳಿಸಿತು. ಟವರ್ ಆಂಟೆನಾ ತರಂಗವನ್ನು ಸುತ್ತಲೂ ಚೆಲ್ಲುವುದಿಲ್ಲ. ಟಾರ್ಚ್ ಬೆಳಕಿನ ಹಾಗೆ ಎದುರಿಗೆ, ತುಸು ಕೆಳಮುಖವಾಗಿ ಎಸೆಯುತ್ತದೆ. ಹಾಗಾಗಿ ಬುಡದಲ್ಲಿ ಇರುವವರಿಗೆ ಕಡಿಮೆ, ಅದೇ ಎತ್ತರದಲ್ಲಿ ಎದುರಿಗೆ ಇರುವವರಿಗೆ ಜಾಸ್ತಿ. ನಮ್ಮ ಕಚೇರಿ ಆಂಟೆನಾಕ್ಕಿಂತ ಕೆಳಗೆ, ಪಕ್ಕದಲ್ಲಿ. ದೂರ ಎರಡು ಪಟ್ಟಾದರೆ ತೀವ್ರತೆ ಕಾಲು ಭಾಗಕ್ಕೆ ಇಳಿಯುತ್ತದೆ ಅನ್ನುವುದು ಬೇರೆ ಲೆಕ್ಕ.   

ಅಳೆಯಲು ಬಂದವರನ್ನು ನಾನು ಕೇಳಿಕೊಂಡದ್ದು ಒಂದೇ: ಮೀಟರ್ ಪರದೆ ನೌಕರರಿಗೂ ಕಾಣಲಿ. ಮೇಜು ಮೇಜಿಗೂ ಹೋದರು. ಕಿಟಕಿಯ ಹಾಳೆ ತೆಗೆಸಿಯೂ ಅಳೆದರು. ಕಚೇರಿಯೊಳಗೆ ಎಲ್ಲೂ ಮಿತಿಯ ನೂರರಲ್ಲಿ ಒಂದು ಪಾಲನ್ನೂ ದಾಟಲಿಲ್ಲ. ಅಷ್ಟರಲ್ಲಿ ಅಕ್ಕನ ಫೋನ್ ಬಂತು. ಮೀಟರ್ ಪಕ್ಕದಲ್ಲೇ ಎತ್ತಿದರು. ಅಂಕಿ ಜಿಗಿಯಿತು. ಟವರ್‌ನಿಂದ ಬಂದದ್ದಕ್ಕಿಂತ ಎಷ್ಟೋ ಪಟ್ಟು. ಎಲ್ಲರೂ ಅವರ ಕೈಯನ್ನೇ ನೋಡಿದರು. ಕಿಟಕಿಗೆ ಲೋಹದ ಹಾಳೆ ಅಂಟಿಸಿದರೆ ಒಳಗೆ ಸಿಗ್ನಲ್ ಕುಗ್ಗುತ್ತದೆ, ಆಗ ಕೈಯಲ್ಲಿರುವ ಫೋನ್ ಟವರ್ ಮುಟ್ಟಲು ಇನ್ನೂ ಜೋರಾಗಿ ಕೂಗಬೇಕಾಗುತ್ತದೆ ಅಂತ ಬಂದವರೇ ವಿವರಿಸಿದರು.

ಇದರಿಂದ ಭಯ ಹೋಯಿತೇ? ಇಲ್ಲ. ಅರ್ಧ ಜನ ನಂಬಿದರು, ಅರ್ಧ ಜನ "ಬರೋ ದಿನ ಗೊತ್ತಿತ್ತು, ಪವರ್ ಕಮ್ಮಿ ಮಾಡಿರ್ತಾರೆ" ಅಂದರು. ಅಳತೆಗೆ ಅಷ್ಟೇ ಶಕ್ತಿ. ತಲೆ ಇನ್ನೂ ನೋಯುತ್ತಿರುವವನಿಗೆ ಮೀಟರ್ ತೋರಿಸಿ ಸಮಾಧಾನ ಮಾಡಲು ಬರುವುದಿಲ್ಲ.

ಹಾಳೆಗಳು ವಾಪಸ್ ಬಂದಾಗ ಚಿತ್ರ ಬಿಡಿಸಿಕೊಳ್ಳಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಕರೆಂಟ್ ಹೋಗಿ ಒಂದು ಗಂಟೆಯೊಳಗೆ ಲೆಕ್ಕಪತ್ರದ ಮೇಜಿನ ಮೂವರಿಗೆ ನೋವು. ಆಮೇಲೆ ಕ್ಯಾಷ್ ಕೌಂಟರ್. ರಸ್ತೆ ಕಡೆ ಕೂತವರಿಗೆ ಕೊನೆಗೆ, ಅದೂ ಕಡಿಮೆ. ಊಟಕ್ಕೆ ಹೊರಗೆ ಹೋಗಿ ಬಂದವರಿಗೆ ಇಳಿದಿದೆ. ಡಬ್ಬಿ ತಂದು ಒಳಗೇ ಉಂಡವರಿಗೆ ಇಳಿದಿಲ್ಲ. ಕರೆಂಟ್ ಹೋಗದ ದಿನ ಬರೀ ಮಂಪರು, ತಲೆ ಭಾರ. ಭಾನುವಾರ ಏನೂ ಇಲ್ಲ. ಟವರ್ ಇಪ್ಪತ್ನಾಲ್ಕು ಗಂಟೆಯೂ ಕೆಲಸ ಮಾಡುತ್ತದೆ. ಈ ತೊಂದರೆಗೆ ಹೊತ್ತುಗೊತ್ತು ಇದೆ.

ಸಂದಿಗೆ ಇಳಿದು ನೋಡಿದೆ. ಟವರ್‌ನ ಡೀಸೆಲ್ ಜನರೇಟರ್ ಅಲ್ಲೇ ನೆಲದ ಮೇಲೆ ಕೂತಿತ್ತು. ಸಾಮರ್ಥ್ಯ 25 ಕೆವಿಎ. ಹೊಗೆ ಪೈಪು ಮೊದಲ ಮಹಡಿಯ ಎತ್ತರಕ್ಕೆ ನಿಂತುಹೋಗಿತ್ತು. ಅದರ ಬಾಯಿಂದ ನೇರ ಮೇಲೆ ನೋಡಿದರೆ ನಮ್ಮ ವೆಂಟಿಲೇಟರ್. ಜನರೇಟರ್ ಹೊಗೆ ಪೈಪಿಗೆ ಮಾಲಿನ್ಯ ನಿಯಂತ್ರಣ ಮಂಡಳಿಯ ಸರಳ ಸೂತ್ರ ಇದೆ: ಕಟ್ಟಡದ ಎತ್ತರ, ಅದರ ಮೇಲೆ ಕೆವಿಎಯ ವರ್ಗಮೂಲದ 0.2 ಪಟ್ಟು ಮೀಟರ್. 25ರ ವರ್ಗಮೂಲ 5, ಅದರ 0.2 ಪಟ್ಟು ಅಂದರೆ 1. ಪೈಪು ತಾರಸಿಗಿಂತ ಒಂದು ಮೀಟರ್ ಮೇಲೆ ಇರಬೇಕಿತ್ತು.

ಹೊಗೆ ಸಂದಿಯಲ್ಲಿ ಇದ್ದ ಮಾತ್ರಕ್ಕೆ ಒಳಗೆ ಬರಬೇಕು ಅಂತೇನಿಲ್ಲ. ಅದನ್ನು ಎಳೆದುಕೊಂಡವರು ನಾವೇ. ಕರೆಂಟ್ ಹೋದರೆ ಎಸಿ ನಿಲ್ಲುತ್ತದೆ. ಸೆಕೆ ತಡೆಯದೆ ಯಾರಾದರೂ ಇನ್ವರ್ಟರ್ ಮೇಲಿದ್ದ ಎಕ್ಸಾಸ್ಟ್ ಫ್ಯಾನ್ ಹಾಕುತ್ತಾರೆ. ಫ್ಯಾನ್ ಒಳಗಿನ ಗಾಳಿಯನ್ನು ಹೊರಗೆ ತಳ್ಳುತ್ತದೆ. ಅಷ್ಟೇ ಗಾಳಿ ಎಲ್ಲಿಂದಲಾದರೂ ಒಳಗೆ ಬರಲೇಬೇಕು. ರಸ್ತೆ ಕಡೆಯ ಕಿಟಕಿಗೆಲ್ಲ ಟೇಪ್. ಉಳಿದ ದಾರಿ ವೆಂಟಿಲೇಟರ್ ಒಂದೇ. ಅದೇ ಹೊತ್ತಿಗೆ ಕೆಳಗೆ ಜನರೇಟರ್ ಶುರು. ಟವರ್‌ಗೆ ಹೆದರಿ ಕಿಟಕಿ ಮುಚ್ಚಿದ್ದರಿಂದಲೇ ಹೊಗೆಗೆ ದಾರಿ ಸಲೀಸಾಯಿತು. ವಾಸನೆ ಬರುತ್ತಿರಲಿಲ್ಲವೇ ಅಂತ ಕೇಳಿದೆ. "ಬರ್ತಿತ್ರಿ, ರೋಡಿನ ಲಾರಿದು ಅಂದ್ಕಂಡಿದ್ವಿ" ಅಂದರು. ಮೂಗು ಬೇಗ ಒಗ್ಗಿಕೊಳ್ಳುತ್ತದೆ.

ಮುಂದಿನ ಸಲ ಕರೆಂಟ್ ಹೋದಾಗ ಲೆಕ್ಕಪತ್ರದ ಮೇಜಿನ ಮೇಲೆ, ಹೊಗೆಯಲ್ಲಿರುವ ವಿಷಾನಿಲ ಕಾರ್ಬನ್ ಮಾನಾಕ್ಸೈಡ್ ಅಳೆಯುವ ಮೀಟರ್ ಇತ್ತು. ಮೊದಲು 2, 3 ಪಿಪಿಎಂ, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ ಎರಡು ಮೂರು ಭಾಗ. ಒಂದು ಗಂಟೆಗೆ 30 ದಾಟಿತು. ವೆಂಟಿಲೇಟರ್ ಹತ್ತಿರ ಅದರ ಎರಡು ಪಟ್ಟು. ಅಲ್ಲಿಗೇ ನಿಲ್ಲಿಸಿ ಎಲ್ಲರನ್ನೂ ಹೊರಗೆ ಕಳಿಸಿದೆ. ಎಂಟು ಗಂಟೆಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಸುಮಾರು 9 ಪಿಪಿಎಂ, ಒಂದು ಗಂಟೆಗೆ ಸುಮಾರು 30. ಕಾರ್ಬನ್ ಡೈಆಕ್ಸೈಡ್ ಕರೆಂಟ್ ಇದ್ದ ದಿನವೂ ಮಧ್ಯಾಹ್ನಕ್ಕೆ 2,000 ಮೀರುತ್ತಿತ್ತು. ಹೊರಗಿನ ಗಾಳಿಯಲ್ಲಿ ಆಗ ಅದು ಸುಮಾರು 410. ಸ್ಪ್ಲಿಟ್ ಎಸಿ ಹೊಸ ಗಾಳಿ ತರುವುದಿಲ್ಲ, ಇದ್ದದ್ದನ್ನೇ ತಣ್ಣಗೆ ಮಾಡಿ ತಿರುಗಿಸುತ್ತದೆ. ಕರೆಂಟ್ ಇದ್ದ ದಿನದ ಮಂಪರು ಇದರದ್ದು.

ಡಾಕ್ಟರಿಗೆ ಇದು ಯಾಕೆ ಸಿಗಲಿಲ್ಲ ಅಂತ ಎಲ್ಲರೂ ಕೇಳಿದರು. ಕಾರ್ಬನ್ ಮಾನಾಕ್ಸೈಡ್ ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಿಗಿಯಾಗಿ ಅಂಟುತ್ತದೆ. ಆದರೆ ಒಳ್ಳೆಯ ಗಾಳಿಗೆ ಬಂದರೆ ನಾಲ್ಕೈದು ಗಂಟೆಯಲ್ಲಿ ಅರ್ಧ ಹೊರಟುಹೋಗುತ್ತದೆ. ಕ್ಯಾಷಿಯರ್ ಬಿದ್ದ ಮಾರನೇ ದಿನ ಕೊಟ್ಟ ರಕ್ತದಲ್ಲಿ ಏನು ಸಿಗುತ್ತದೆ? ಬೆರಳಿಗೆ ಹಾಕುವ ಸಾಮಾನ್ಯ ಆಕ್ಸಿಮೀಟರ್‌ಗೆ ಮಾನಾಕ್ಸೈಡ್ ಹಿಡಿದ ಹಿಮೋಗ್ಲೋಬಿನ್ ಮತ್ತು ಆಮ್ಲಜನಕ ಹಿಡಿದದ್ದರ ವ್ಯತ್ಯಾಸ ತಿಳಿಯುವುದಿಲ್ಲ. 98 ತೋರಿಸುತ್ತದೆ. ಅವರಿಗೂ ಹಾಗೇ ತೋರಿಸಿತ್ತು.

ಎಲ್ಲವನ್ನೂ ಮಾನಾಕ್ಸೈಡ್ ತಲೆಗೆ ಕಟ್ಟಲು ನನಗೆ ಇಷ್ಟವಿಲ್ಲ. ಪೆಟ್ರೋಲ್ ಎಂಜಿನ್‌ಗಿಂತ ಡೀಸೆಲ್ ಎಂಜಿನ್ ಅದನ್ನು ಕಡಿಮೆ ಬಿಡುತ್ತದೆ. ಈ ಎಂಜಿನ್ ಸರ್ವಿಸ್ ಕಾಣದೆ ಕಪ್ಪು ಹೊಗೆ ಉಗುಳುತ್ತಿತ್ತು, ಜಾಗ ಇಕ್ಕಟ್ಟು, ಅದಕ್ಕೇ ಅಷ್ಟು ಏರಿತು. ಕಣ್ಣುರಿ ಬಂದದ್ದು ಹೊಗೆಯ ನೈಟ್ರೋಜನ್ ಡೈಆಕ್ಸೈಡ್, ಆಲ್ಡಿಹೈಡ್‌ಗಳಿಂದ ಇರಬೇಕು. ವರ್ಷಾಂತ್ಯದ ಒತ್ತಡವೂ ಇತ್ತು. ಇಬ್ಬರಿಗೆ ರಕ್ತಹೀನತೆ ಇತ್ತು. ಇದ್ದ ಹಿಮೋಗ್ಲೋಬಿನ್ನೇ ಕಡಿಮೆ ಇರುವವರಿಗೆ ಮಾನಾಕ್ಸೈಡ್ ಬೇಗ ತಾಗುತ್ತದೆ.

ಒಂದು ವಿಚಿತ್ರ ನೋಡಿ. ಕ್ಯಾನ್ಸರ್ ಸಂಶೋಧನೆಯ ಅಂತರರಾಷ್ಟ್ರೀಯ ಸಂಸ್ಥೆ 2011ರಲ್ಲಿ ರೇಡಿಯೋ ತರಂಗಗಳನ್ನು 2ಬಿ ಗುಂಪಿಗೆ ಹಾಕಿತು: ಕ್ಯಾನ್ಸರ್ ತರುವ ಸಾಧ್ಯತೆ ಇದ್ದೀತು, ಪುರಾವೆ ಸಾಲದು ಅನ್ನುವ ಗುಂಪು. ಅರ್ಜಿಯಲ್ಲಿ ಈ ಮಾತನ್ನು ದಪ್ಪ ಅಕ್ಷರದಲ್ಲಿ ಬರೆದಿದ್ದರು. ಮರುವರ್ಷ, 2012ರಲ್ಲಿ, ಅದೇ ಸಂಸ್ಥೆ ಡೀಸೆಲ್ ಹೊಗೆಯನ್ನು 1ನೇ ಗುಂಪಿಗೆ ಹಾಕಿತು, ಪುರಾವೆ ಗಟ್ಟಿಯಾಗಿದೆ ಅಂತ. ಗುಂಪು ಹೇಳುವುದು ಪುರಾವೆ ಎಷ್ಟು ಗಟ್ಟಿ ಅಂತ, ಅಪಾಯ ಎಷ್ಟು ದೊಡ್ಡದು ಅಂತಲ್ಲ. ಆದರೂ ಹೆದರುವುದೇ ಆದರೆ ಯಾವುದಕ್ಕೆ ಮೊದಲು ಹೆದರಬೇಕು ಅನ್ನುವುದು ಗೊತ್ತಾಗುತ್ತದೆ. ಡೀಸೆಲ್ ಹೊಗೆಯ ಮೇಲೆ ವಾಟ್ಸ್ಆ್ಯಪ್ ವಿಡಿಯೋ ಯಾರಿಗೂ ಬಂದಿರಲಿಲ್ಲ.

ದುರಸ್ತಿ ಸುಲಭದ್ದು. ಹಾಳೆ ಕಿತ್ತು ಕಿಟಕಿ ತೆಗೆದರು. ವೆಂಟಿಲೇಟರ್ ಮುಚ್ಚಿದರು. ಟವರ್ ಕಂಪನಿಗೆ ಅಳತೆಯ ಸಮೇತ ಪತ್ರ ಹೋಯಿತು. ಅದಕ್ಕೆ ಅವರು ಬೇಗ ಬಂದರು. ಪೈಪು ತಾರಸಿ ದಾಟಿತು, ಎಂಜಿನ್ ಸರ್ವಿಸ್ ಆಯಿತು. ಲೆಕ್ಕಪತ್ರದ ಮೇಜಿನ ಮೇಲೆ ಮಾನಾಕ್ಸೈಡ್ ಅಲಾರಂ ಹಾಕಿಸಿದೆವು. ಮೇ ಕೊನೆಗೆ ಹನ್ನೊಂದರಲ್ಲಿ ಎಂಟು ಜನ ಪೂರ್ತಿ ಚೇತರಿಸಿಕೊಂಡಿದ್ದರು.

ಉಳಿದ ಮೂವರಲ್ಲಿ ಒಬ್ಬರಿಗೆ ಮೈಗ್ರೇನ್, ಮೊದಲಿನಿಂದಲೂ ಇದ್ದದ್ದು. ಅವರ ನೆತ್ತಿಯ ಮೇಲೆ ಹಳೇ ಚೋಕ್‌ನ ಟ್ಯೂಬ್‌ಲೈಟ್ ಇತ್ತು. ಇಂಥ ದೀಪ ಸೆಕೆಂಡಿಗೆ ನೂರು ಸಲ ಮಿಣುಕುತ್ತದೆ, ಕಣ್ಣಿಗೆ ಕಾಣದಿದ್ದರೂ ತಲೆನೋವು ತರಬಲ್ಲದು ಅಂತ 1989ರಲ್ಲೇ ಇಂಗ್ಲೆಂಡಿನ ಕಚೇರಿಯೊಂದರ ಅಧ್ಯಯನ ತೋರಿಸಿತ್ತು. ದೀಪ ಬದಲಿಸಿದ ಮೇಲೆ ಅವರಿಗೆ ಅಷ್ಟಿಷ್ಟು ವಾಸಿ. ಎರಡನೆಯವರು ಕೆಲಸ ಬಿಟ್ಟರು, ಕಾರಣ ಬೇರೆ.

ಮೂರನೆಯವರು ಅಕ್ಕ. ಅವರ ತಲೆನೋವು ಕಡಿಮೆಯಾಯಿತು, ಕಿವಿಯ ಸದ್ದು ಹೋಗಲಿಲ್ಲ, ನಿದ್ದೆ ಸರಿಯಾಗಲಿಲ್ಲ. ಟವರ್ ಕಂಡರೆ ಎದೆ ಡವಡವ. ಅವರ ಭಾವ ಮೆದುಳಿನ ಗಡ್ಡೆಯಿಂದ ತೀರಿಕೊಂಡಿದ್ದರು ಅನ್ನುವುದು ತುಂಬಾ ತಡವಾಗಿ ನನಗೆ ತಿಳಿಯಿತು. ಆಡಳಿತ ಮಂಡಳಿಯ ಒಬ್ಬರು ಒಂದು ಉಪಾಯ ಹೇಳಿದರು: ವೈಫೈ ರೂಟರ್ ಅನ್ನು ಗುಟ್ಟಾಗಿ ಆರಿಸಿ, ಹಚ್ಚಿ ನೋಡೋಣ, ಅವರಿಗೆ ಗೊತ್ತಾಗುತ್ತದೋ ಇಲ್ಲವೋ. ನಾನು ಒಪ್ಪಲಿಲ್ಲ. ಹೇಳದೆ ಮಾಡಿದರೆ ಅದು ಮೋಸ. ಒಪ್ಪಿಗೆ ಪಡೆದು ಇಂಥ ಪ್ರಯೋಗ ಬೇಕಾದಷ್ಟು ನಡೆದಿವೆ. ಲಂಡನ್ನಿನ ಸಂಶೋಧಕರು 2010ರಲ್ಲಿ 46 ಪ್ರಯೋಗಗಳನ್ನು, ಒಟ್ಟು 1,175 ಜನರನ್ನು ಒಟ್ಟಿಗೆ ನೋಡಿದರು. ತರಂಗ ಇದೆಯೋ ಇಲ್ಲವೋ ಹೇಳದೆ ಪರೀಕ್ಷಿಸಿದಾಗ, ತರಂಗ ತಮಗೆ ತಾಗುತ್ತದೆ ಅನ್ನುವವರಿಗೆ ಅದು ಗುರುತು ಸಿಗುತ್ತದೆ ಅನ್ನಲು ಗಟ್ಟಿ ಪುರಾವೆ ಸಿಗಲಿಲ್ಲ. ತರಂಗ ಇಲ್ಲದಿದ್ದಾಗಲೂ ನೋವು ಬಂತು, ನಿಜವಾದ ನೋವು. 2013ರ ಇನ್ನೊಂದು ಪ್ರಯೋಗದಲ್ಲಿ 147 ಜನರಿಗೆ ಸುಳ್ಳು ವೈಫೈ ಕೊಟ್ಟರು. 54 ಶೇಕಡಾ ಜನ ಏನೋ ತೊಂದರೆ ಆಯಿತು ಅಂದರು. ಮೊದಲೇ ಅಂಜಿಕೆ ಇದ್ದು, ವೈಫೈ ಅಪಾಯದ ಟಿವಿ ಕಾರ್ಯಕ್ರಮವನ್ನೂ ನೋಡಿ ಬಂದವರಿಗೆ ಜಾಸ್ತಿ. ಹೆದರಿಕೆಯೇ ಮೈಯಲ್ಲಿ ನೋವಾಗಿ ಏಳುವ ಈ ಬಗೆಗೆ ನೊಸೀಬೊ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲಿ ಹೇಳಿದ್ದೂ ಇಷ್ಟೇ: ಲಕ್ಷಣ ನಿಜ, ತರಂಗದ ಜೊತೆ ನಂಟು ಮಾತ್ರ ಕಂಡುಬಂದಿಲ್ಲ.

ಇದನ್ನೆಲ್ಲ ಅಕ್ಕನ ಹತ್ತಿರ ಕೂತು ಹೇಳಿದೆ. ಬೇಕಿದ್ದರೆ ನೀವೇ ನಿಮ್ಮ ಮೇಲೆ ಆ ರೂಟರ್ ಪರೀಕ್ಷೆ ಮಾಡಿಕೊಳ್ಳಬಹುದು ಅಂದೆ. "ಬ್ಯಾಡ್ರಿ ಸಾರ್. ನೀವು ಹೇಳಿದ್ದು ಅರ್ಥ ಆಗುತ್ತೆ. ಆದ್ರೂ ಅದನ್ನ ನೋಡ್ಕೋತ ಕೂರೋಕೆ ಆಗಲ್ಲ" ಅಂದರು. ಮಂಡಳಿ ಅವರನ್ನು ಹರಿಹರದ ಶಾಖೆಗೆ ವರ್ಗ ಮಾಡಿತು. ನನ್ನ ವರದಿಯಲ್ಲಿ ಅದನ್ನು ಶಿಫಾರಸು ಮಾಡಿದ್ದೆ, ಟವರ್ ಅಪಾಯ ಅನ್ನುವ ಕಾರಣ ಕೊಡದೆ. ಅಲ್ಲಿ ನಿದ್ದೆ ಚೆನ್ನಾಗಿ ಬರುತ್ತಿದೆ ಅಂತ ಫೋನಿನಲ್ಲಿ ಹೇಳಿದರು. ಕಿವಿಯ ಸದ್ದು ಹಾಗೇ ಇದೆ. ಅದಕ್ಕೆ ಕಿವಿ ಡಾಕ್ಟರ್ ಹತ್ತಿರ ತೋರಿಸುತ್ತಿದ್ದಾರೆ.